ಕುಂಬಳೆ ಎಂದು ಹುಡುಕಿದರೆ ಕುಂಬಳೆಯೇ ಸಿಗಬೇಕು: ನಮ್ಮ ಗ್ರಂಥಾಲಯದ ಹಳೇ ಕಾಗದಗಳನ್ನು ಆನ್‌ಲೈನ್‌ಗೆ ತಂದ ಬಗೆ

ಹಳೇ ಕಾಗದದ ಫೋಟೊ ತೆಗೆದು ನೆಟ್‌ಗೆ ಹಾಕುವುದು ಈಗ ದೊಡ್ಡ ವಿಷಯವೇ ಅಲ್ಲ. ಕಷ್ಟ ಇರುವುದು ಅದರೊಳಗೆ ಹುಡುಕುವುದರಲ್ಲಿ. ಸಾವಿರ ಪುಟದ ಪಿಡಿಎಫ್ ಇದೆ, ಆದರೆ ನಿಮ್ಮ ಊರಿನ ಹೆಸರು, ನಮ್ಮ ಕಡೆಯ ಕುಂಬಳೆಯ ಹಾಗಿನದ್ದು, ಅದರಲ್ಲಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ ಎಂದಾದರೆ, ಅದು ಕಪಾಟಿನಲ್ಲಿ ಬೀಗ ಹಾಕಿ ಇಟ್ಟ ಹಾಗೆಯೇ. ಅದಕ್ಕೇ ಈ ಕೆಲಸ ಶುರು ಮಾಡುವಾಗ ನಾವು ಒಂದು ಮಾತು ಗಟ್ಟಿ ಮಾಡಿಕೊಂಡೆವು. ಎಷ್ಟು ಪುಟ ಸ್ಕ್ಯಾನ್ ಆಯಿತು ಎಂದು ಲೆಕ್ಕ ಹಾಕುವುದು ಬೇಡ. ಹುಡುಕಿದವರಿಗೆ ಸಿಗುತ್ತದಾ ಎಂದು ನೋಡೋಣ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಸಣ್ಣ ಗ್ರಂಥಾಲಯ. ಬೈಂಡ್ ಮಾಡಿದ ವಾರಪತ್ರಿಕೆಗಳು, ಶಾಲೆಗಳ ಸ್ಮರಣ ಸಂಚಿಕೆಗಳು, ಸಹಕಾರಿ ಸಂಘದ ವರದಿಗಳು, ಬಯಲಾಟದ ಕರಪತ್ರಗಳು, ಕೈಬರಹದ ನಡಾವಳಿ ಪುಸ್ತಕಗಳು, ಯಾರದೋ ಮನೆಯಿಂದ ಬಂದ ಒಂದು ಕಟ್ಟು ಓಲೆ. ಇಷ್ಟು ಇದೆ. ದೊಡ್ಡ ಸಂಗ್ರಹ ಅಲ್ಲ. ಆದರೆ ಕಾಸರಗೋಡಿನ ಮಟ್ಟಿಗೆ ಇಂಥ ಸಣ್ಣ ಕಪಾಟುಗಳ ಬೆಲೆ ಬೇರೆ. 1956ರ ಅಕ್ಟೋಬರ್ ಕೊನೆಯವರೆಗೆ ಈ ಊರುಗಳು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ನವೆಂಬರ್ 1ಕ್ಕೆ ಕೇರಳ. ಮನೆ, ತೋಟ, ಬಾವಿ ಎಲ್ಲ ಇದ್ದಲ್ಲೇ ಇದ್ದವು, ಕಡತಗಳು ಮಾತ್ರ ಹಂಚಿಹೋದವು. ಮದರಾಸು ಸರಕಾರದ ಕಾಲದ್ದು ಬೇಕಾದರೆ ಚೆನ್ನೈ ಎಗ್ಮೋರಿನ ಪತ್ರಾಗಾರಕ್ಕೆ ಹೋಗಬೇಕು. ಜಿಲ್ಲೆಯ ಕೆಲವು ದಾಖಲೆ ಮಂಗಳೂರಲ್ಲಿ. ಆಮೇಲಿನದ್ದಕ್ಕೆ ಕೋಯಿಕ್ಕೋಡು, ತಿರುವನಂತಪುರ. ಇಲ್ಲಿಯ ಜನ ಇಲ್ಲಿಯ ಭಾಷೆಯಲ್ಲಿ ತಾವೇ ಅಚ್ಚು ಹಾಕಿಸಿದ್ದು ಮಾತ್ರ ಊರಲ್ಲೇ ಉಳಿದಿದೆ, ಅದೂ ಒರಲೆ ಬಿಟ್ಟಷ್ಟು.

ಸ್ಟ್ಯಾಂಡ್

ಹೊರಗಿನವರಿಗೆ ಕೊಟ್ಟು ಸ್ಕ್ಯಾನ್ ಮಾಡಿಸಬಹುದಿತ್ತು. ವಿಚಾರಿಸಿದ ಕಡೆ ಬೈಂಡ್ ಬಿಚ್ಚಿ, ಬೆನ್ನು ಕತ್ತರಿಸಿ, ಹಾಳೆಗಳನ್ನು ಮೆಷಿನ್‌ಗೆ ಹಾಕುತ್ತೇವೆ ಎಂದರು. ಅರುವತ್ತು ಎಪ್ಪತ್ತು ವರ್ಷದ ನ್ಯೂಸ್‌ಪ್ರಿಂಟ್ ಮಡಚಿದಲ್ಲಿ ಮುರಿಯುತ್ತದೆ. ಮೆಷಿನ್‌ನ ರೋಲರ್ ಒಳಗೆ ಹೋದರೆ ಮುಗಿಯಿತು. ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಕೂಡ ಬೇಡ, ದಪ್ಪ ಪುಸ್ತಕವನ್ನು ಮಗುಚಿ ಒತ್ತಿದರೆ ಬೆನ್ನು ಹೋಗುತ್ತದೆ. ಹಾಗಾಗಿ ತೊಟ್ಟಿಲು ಸ್ಟ್ಯಾಂಡ್ ಮಾಡಿಸಿದೆವು.

18 ಮಿಲಿಮೀಟರ್ ಪ್ಲೈವುಡ್‌ನ ಎರಡು ಹಲಗೆ, ನಡುವೆ ಸುಮಾರು 100 ಡಿಗ್ರಿ ಕೋನ. ಪುಸ್ತಕ ಪೂರ್ತಿ ಬಿಡಿಸಿಕೊಳ್ಳದೆ ಅದರಲ್ಲಿ ಅರ್ಧ ತೆರೆದು ಕೂರುತ್ತದೆ. ಬೆನ್ನಿಗಾಗಿ ನಡುವೆ ಒಂದು ಸಂದು ಬಿಟ್ಟಿದೆ. ತೆಳು ಪುಸ್ತಕಕ್ಕೆ ಸಂದು ಕಿರಿದು ಮಾಡಲು, ದಪ್ಪದ್ದಕ್ಕೆ ಅಗಲ ಮಾಡಲು ಒಂದು ಹಲಗೆ ಜಾರುವ ಹಾಗಿದೆ. ಪ್ಲೈವುಡ್ ವಾಟರ್‌ಪ್ರೂಫ್ ದರ್ಜೆಯದ್ದೇ ಆಗಬೇಕು. ಇಲ್ಲವಾದರೆ ಒಂದು ಮಳೆಗಾಲದಲ್ಲಿ ಬಾಗುತ್ತದೆ, ಕೋನ ತಪ್ಪುತ್ತದೆ. ಕ್ಯಾಮರಾ ನಿಲ್ಲುವ ಕಂಬ ಜಿಐ ಪೈಪಿನದ್ದು, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಪುಟ ಒತ್ತಿ ಹಿಡಿಯಲು 4 ಮಿಲಿಮೀಟರ್ ದಪ್ಪದ ಗಾಜು, ಅಂಚು ಉಜ್ಜಿಸಿದ್ದು. ಬಣ್ಣದ ಛಾಯೆ ಇಲ್ಲದ ಗಾಜು ಕೇಳಿ ತೆಗೆದುಕೊಳ್ಳಿ.

ಕ್ಯಾಮರಾ ಒಂದೇ. ಅದು ಒಂದು ಬದಿಯ ಹಲಗೆಗೆ ನೇರ ಮುಖ ಮಾಡಿದೆ. ಮೊದಲು ಬಲಗಡೆಯ ಪುಟಗಳನ್ನೆಲ್ಲ ಮೊದಲಿಂದ ಕೊನೆವರೆಗೆ ತೆಗೆಯುವುದು, ಆಮೇಲೆ ಪುಸ್ತಕ ತಿರುಗಿಸಿ ಇಟ್ಟು ಎಡಗಡೆಯವು. ಎರಡೂ ಫೋಲ್ಡರ್‌ಗಳನ್ನು ಒಂದು ಸಣ್ಣ ಪ್ರೋಗ್ರಾಮ್ ಹೆಣೆದು ಜೋಡಿಸುತ್ತದೆ. ಇದರಲ್ಲಿ ಒಂದು ಲಾಭ ಇದೆ. ಎಲ್ಲಾದರೂ ಎರಡು ಹಾಳೆ ಒಟ್ಟಿಗೆ ಮಗುಚಿ ಹೋಗಿದ್ದರೆ ಎರಡು ಫೋಲ್ಡರ್‌ಗಳ ಸಂಖ್ಯೆ ತಾಳೆಯಾಗುವುದಿಲ್ಲ, ಕೂಡಲೇ ಗೊತ್ತಾಗುತ್ತದೆ.

ಬೆಳಕಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಎರಡು ಎಲ್‌ಇಡಿ ಟ್ಯೂಬ್, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ. ಅಗ್ಗದ ಎಲ್‌ಇಡಿ ನಮ್ಮ ಕಣ್ಣಿಗೆ ಕಾಣದ ಹಾಗೆ ಮಿನುಗುತ್ತಿರುತ್ತದೆ. ಕರೆಂಟ್ 50 ಹರ್ಟ್ಸ್, ಆದ್ದರಿಂದ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ ವೇಗ ಜಾಸ್ತಿ ಇಟ್ಟರೆ ಫೋಟೊದಲ್ಲಿ ಅಡ್ಡ ಪಟ್ಟೆ ಬರುತ್ತದೆ. ಸುಮ್ನೆ ನೋಡಿದರೆ ಕಾಣುವುದಿಲ್ಲ, ಆದರೆ ಒಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಓದಿ ಪಠ್ಯ ಮಾಡಿಕೊಡುವ ಪ್ರೋಗ್ರಾಮ್, ಆ ಪಟ್ಟೆಯ ಮೇಲಿನ ಸಾಲುಗಳಲ್ಲಿ ಎಡವುತ್ತದೆ. ಶಟರ್ 1/50 ಅಥವಾ 1/25 ಇಟ್ಟರೆ ಏರಿಳಿತದ ಪೂರ್ತಿ ಸುತ್ತುಗಳು ಒಳಗೆ ಬರುತ್ತವೆ, ಪಟ್ಟೆ ಹೋಗುತ್ತದೆ. ಗಾಜಿನ ಮೇಲೆ ಕ್ಯಾಮರಾದ್ದೇ ಪ್ರತಿಬಿಂಬ ಕಾಣುವುದನ್ನು ತಪ್ಪಿಸಲು ಕ್ಯಾಮರಾ ಸುತ್ತ ಕಪ್ಪು ಬಟ್ಟೆ ಕಟ್ಟಿದೆ. ತೆಳು ಕಾಗದದಲ್ಲಿ ಹಿಂಬದಿಯ ಅಚ್ಚು ಮುಂದಕ್ಕೆ ಕಾಣುತ್ತದಲ್ವಾ, ಅದಕ್ಕೆ ಪುಟದ ಹಿಂದೆ ಒಂದು ಕಪ್ಪು ಹಾಳೆ ಇಡಬೇಕು. ಬಿಳಿ ಹಾಳೆ ಇಟ್ಟರೆ ಹಿಂದಿನ ಅಕ್ಷರ ಇನ್ನೂ ಎದ್ದು ಕಾಣುತ್ತದೆ.

ಎಷ್ಟು ಸ್ಪಷ್ಟ ಬೇಕು ಎಂಬ ಲೆಕ್ಕ ಸುಲಭ. ಒಸಿಆರ್‌ಗೆ ಇಂಚಿಗೆ 300 ಚುಕ್ಕೆ ಬೇಕು. ನಮ್ಮ ಹಳೇ ಡಿಎಸ್‌ಎಲ್‌ಆರ್ 24 ಮೆಗಾಪಿಕ್ಸೆಲ್, ಉದ್ದ ಬದಿಯಲ್ಲಿ 6000 ಚುಕ್ಕೆ. 6000ವನ್ನು 300ರಿಂದ ಭಾಗಿಸಿದರೆ 20 ಇಂಚು. ಡೆಮಿ ಅಳತೆಯ ಪುಸ್ತಕಕ್ಕೆ ಧಾರಾಳ ಸಾಕು. ದೊಡ್ಡ ಪತ್ರಿಕೆಯ ಪುಟ 22 ಇಂಚು ಇದ್ದರೆ 272ಕ್ಕೆ ಇಳಿಯುತ್ತದೆ. ಅಂಥದ್ದನ್ನು ಮೇಲೆ ಅರ್ಧ, ಕೆಳಗೆ ಅರ್ಧ ಎಂದು ಎರಡು ಫೋಟೊ ತೆಗೆಯಬೇಕು, ನಡುವೆ ಕೆಲವು ಸಾಲು ಎರಡರಲ್ಲೂ ಬರಬೇಕು. ಕನ್ನಡಕ್ಕೆ ನಾನು 400ಕ್ಕಿಂತ ಕಡಿಮೆ ಒಪ್ಪುವುದಿಲ್ಲ. ನಮ್ಮ ಒತ್ತಕ್ಷರಗಳು ಮುಖ್ಯ ಅಕ್ಷರಕ್ಕಿಂತ ಸಣ್ಣವು, ಸಣ್ಣ ಟೈಪಿನಲ್ಲಿ ಮೊದಲು ಮಸುಕಾಗುವುದೂ ಅವೇ.

ಕಾಲ ನೋಡಿ ಕೆಲಸ ಮಾಡಬೇಕು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಗಾಲ) ಕಾಗದ ತೇವ ಹಿಡಿದು ಅಲೆ ಅಲೆಯಾಗಿ ಏಳುತ್ತದೆ, ಗಾಜು ಒತ್ತಿದರೂ ಸಮ ಆಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಮೇ ವರೆಗಿನ ಒಣ ದಿನಗಳು ಒಳ್ಳೆಯವು. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಲೇಬಾರದು. ಕೆಲವು ವರ್ಷಕ್ಕೆ ಟೇಪ್ ಉದುರುತ್ತದೆ, ಅದರ ಅಂಟು ಕಂದು ಕಲೆಯಾಗಿ ಉಳಿಯುತ್ತದೆ, ಅಕ್ಷರ ಅದರ ಅಡಿಗೆ ಹೋಗುತ್ತದೆ. ನಮ್ಮ ಹಳೇ ಬೈಂಡ್‌ಗಳಲ್ಲಿ ಮತ್ತೊಂದು ಕಂಡಿತು, ಹೊಲಿಗೆಯ ಹತ್ತಿರ ಹಸಿರು ನೀಲಿ ಕಲೆ. ಹಿಂದೆ ಬೈಂಡ್ ಮಾಡುವವರು ಹುಳ ಬಾರದಿರಲಿ ಎಂದು ಮೈದಾ ಅಂಟಿಗೆ ಮೈಲುತುತ್ತು ಸೇರಿಸುತ್ತಿದ್ದರು. ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಮದ್ದಿನಲ್ಲಿ ಇರುವುದೂ ಅದೇ. ಹುಳ ಬರಲಿಲ್ಲ ನಿಜ. ಆದರೆ ತಾಮ್ರ ಕಾಗದವನ್ನು ನಿಧಾನಕ್ಕೆ ಕೆಡಿಸುತ್ತದೆ, ಆ ಭಾಗ ಮುಟ್ಟಿದರೆ ಪುಡಿಯಾಗುತ್ತದೆ. ಅಂಥ ಪುಸ್ತಕಗಳನ್ನು ಸರದಿಯಲ್ಲಿ ಮೊದಲು ತೆಗೆದುಕೊಂಡೆವು.

ಅಕ್ಷರ ಓದಿಸುವುದು

ಫೋಟೊಗಳನ್ನು ‘ಸ್ಕ್ಯಾನ್‌ಟೇಲರ್’ನಲ್ಲಿ ನೇರ ಮಾಡಿ, ಅಂಚು ಕತ್ತರಿಸಿ, ಒಸಿಆರ್ ಮಾಡುವ ‘ಟೆಸರಾಕ್ಟ್’ಗೆ ಕೊಡುತ್ತೇವೆ. ಎರಡೂ ಉಚಿತ. ಟೆಸರಾಕ್ಟ್ 1985ರಿಂದ 1994ರ ನಡುವೆ ಎಚ್‌ಪಿ ಕಂಪನಿಯೊಳಗೆ ಬೆಳೆದದ್ದು, 2005ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. 2018ರಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ಅದು ಒಂದೊಂದು ಅಕ್ಷರ ಕತ್ತರಿಸಿ ನೋಡುವುದನ್ನು ಬಿಟ್ಟು ಇಡೀ ಸಾಲನ್ನು ಒಟ್ಟಿಗೆ ಓದುತ್ತದೆ. ಒತ್ತಕ್ಷರ ಇರುವ ನಮ್ಮ ಲಿಪಿಗೆ ಇದರಿಂದ ತುಂಬ ಉಪಕಾರ ಆಗಿದೆ. ಕಲೆ ಇರುವ ಪುಟಗಳಿಗೆ ಐದನೇ ಆವೃತ್ತಿಯ ‘ಸೌವೋಲಾ’ ಆಯ್ಕೆ ಹಾಕಿ. ಪುಟಕ್ಕೆಲ್ಲ ಒಂದೇ ಕಪ್ಪು ಬಿಳುಪು ಗಡಿ ಹಾಕುವ ಬದಲು ಆಯಾ ಜಾಗ ನೋಡಿ ಗಡಿ ಹಾಕುತ್ತದೆ. ನೀರು ಬಿದ್ದ ಮೂಲೆಯ ಸಾಲುಗಳೂ ಬರುತ್ತವೆ.

ಒಳ್ಳೆಯ ಅಚ್ಚಿನ ಪುಸ್ತಕವಾದರೆ ಫಲಿತಾಂಶ ನೋಡಿ ಖುಷಿಯಾಗುತ್ತದೆ. ಹಳೇ ಮೊಳೆ ಅಚ್ಚಿನ ವಾರಪತ್ರಿಕೆಯಲ್ಲಿ ಅಷ್ಟಿಲ್ಲ. ಅಲಂಕಾರದ ದಪ್ಪ ಅಕ್ಷರಗಳ ಕರಪತ್ರದಲ್ಲಿ ತಲೆಬರಹ ಕೈಯಲ್ಲೇ ಟೈಪ್ ಮಾಡಬೇಕು. ತಪ್ಪುಗಳು ಮಾತ್ರ ಸಿಕ್ಕಾಪಟ್ಟೆ ಬರುವುದಲ್ಲ, ಅವಕ್ಕೆ ಒಂದು ಕ್ರಮ ಇದೆ. ಆ ಕ್ರಮ ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲನೆಯದು ಅರ್ಕಾವತ್ತು. ಅಚ್ಚಿನಲ್ಲಿ ಅದು ಕನ್ನಡದ ಒಂಬತ್ತರ ಹಾಗೆಯೇ ಕಾಣುತ್ತದೆ. ಹಾಗಾಗಿ ‘ಕರ್ನಾಟಕ’ ಇದ್ದಲ್ಲಿ ‘ಕನಾ೯ಟಕ’ ಎಂದು ಬರುತ್ತದೆ, ‘ವರ್ಷ’ ಇದ್ದಲ್ಲಿ ‘ವಷ೯’. ಇದನ್ನು ನಿಯಮ ಹಾಕಿ ತಿದ್ದಬಹುದು. ೯ರ ಹಿಂದೆ ಅಕ್ಷರ ಇದ್ದರೆ ಅದು ಅರ್ಕಾವತ್ತು, ಆ ಅಕ್ಷರದ ಮೊದಲಿಗೆ ‘ರ್’ ತಂದು ಹಾಕು. ಹಿಂದೆ ಅಂಕಿಯೋ ಖಾಲಿ ಜಾಗವೋ ಇದ್ದರೆ ಅದು ನಿಜವಾದ ಒಂಬತ್ತು, ಬಿಟ್ಟುಬಿಡು. ‘೧೯೩೯’ ಹಾಗೇ ಉಳಿಯುತ್ತದೆ. ಒಂದು ಸಾಲಿನ ಈ ನಿಯಮ ಸಾವಿರಾರು ಪದಗಳನ್ನು ಸರಿ ಮಾಡಿತು.

ಎರಡನೆಯದು ಸೊನ್ನೆ. ‘ಕುಂಬಳೆ’ಯ ಅನುಸ್ವಾರವನ್ನು ಒಸಿಆರ್ ಕೆಲವು ಸಲ ಕನ್ನಡ ಅಂಕಿ ಸೊನ್ನೆಯಾಗಿ ಬರೆಯುತ್ತದೆ, ‘ಕು೦ಬಳೆ’ ಎಂದು. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಎರಡೂ ಬೇರೆ ಬೇರೆ. ಪುಟದಲ್ಲಿ ಕಣ್ಣಿಗೆ ಕಾಣುವ ಪದ ಹುಡುಕಿದರೆ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಮೊದಲು ಇದನ್ನೇ ನೋಡಿ.

ಮೂರನೆಯದಕ್ಕೆ ನಿಯಮ ಹಾಕಲು ಹೋಗಬೇಡಿ. ‘ಮ’ ಮತ್ತು ‘ವು’ ಅಚ್ಚಿನಲ್ಲಿ ಅಕ್ಕಪಕ್ಕದ ಆಕಾರ. ‘ಮನೆ’ ಹೋಗಿ ‘ವುನೆ’ ಆಗುತ್ತದೆ. ಪದದ ಮೊದಲಿಗೆ ‘ವು’ ಬಂದರೆ ‘ಮ’ ಮಾಡು ಎಂದು ಯಾರಿಗಾದರೂ ತೋಚುತ್ತದೆ. ಆದರೆ ಹಳಬರು ‘ಉಂಟು’ ಎನ್ನುವುದನ್ನು ‘ವುಂಟು’ ಎಂದೇ ಬರೆಯುತ್ತಿದ್ದರು, ‘ಎಂದು’ವನ್ನು ‘ಯೆಂದು’ ಎಂದು. ನಿಯಮ ಹಾಕಿದರೆ ‘ವುಂಟು’ ಹೋಗಿ ‘ಮಂಟು’ ಆಗುತ್ತದೆ. ಅಂಥಲ್ಲಿ ಪದಪಟ್ಟಿಯ ಜೊತೆ ಹೋಲಿಸಿ, ಅನುಮಾನ ಇದ್ದದ್ದಕ್ಕೆ ಗುರುತು ಮಾತ್ರ ಹಾಕುತ್ತೇವೆ. ಮನುಷ್ಯರು ನೋಡಿ ತೀರ್ಮಾನ ಮಾಡುತ್ತಾರೆ.

ಇನ್ನೊಂದು ಕಷ್ಟ ನಮ್ಮ ಊರಿನದ್ದೇ. ‘ಞ’ ಅಕ್ಷರ ಉಳಿದ ಕಡೆಯ ಕನ್ನಡದಲ್ಲಿ ಅಪರೂಪ, ಕಾಸರಗೋಡಿನಲ್ಲಿ ದಿನಾ ಬೇಕು. ಕಾಞಂಗಾಡು, ಕುಞ್ಞಂಬು, ಕುಞ್ಞಿ. ನಮ್ಮ ಬದಿಯಡ್ಕದಲ್ಲಿ ಬಾಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಲ್ಲೇ ಅದು ಒತ್ತು ಸಮೇತ ಇದೆ. ಒಸಿಆರ್ ಅದನ್ನು ಕಂಡ ಕಂಡ ಹಾಗೆ ಓದುತ್ತದೆ. ಅಚ್ಚಿನವರೂ ಮೊಳೆ ಇಲ್ಲದೆ ‘ಕಿಂಞಣ್ಣ’ ಎಂದೋ ಮತ್ತೊಂದು ರೀತಿಯಲ್ಲೋ ಜೋಡಿಸಿದ್ದುಂಟು. 1915ರಿಂದ 2015ರವರೆಗೆ ನೂರು ವರ್ಷ ಇದೇ ನೆಲದಲ್ಲಿ ಬದುಕಿದವರ ಹೆಸರು ಇಲ್ಲಿಯ ಕಾಗದದಲ್ಲೇ ಹುಡುಕಿ ಸಿಗದಿದ್ದರೆ ಹೇಗೆ? ‘ಞ’ ಇರುವ ಸಾಲುಗಳನ್ನು ಕತ್ತರಿಸಿ, ಸರಿಯಾದ ಪಠ್ಯ ಟೈಪ್ ಮಾಡಿ, ಟೆಸರಾಕ್ಟ್‌ಗೆ ಮತ್ತೆ ಕಲಿಸುವ ಕೆಲಸ ಈಗ ನಡೆಯುತ್ತಿದೆ. ಸಾಲಿನ ಚಿತ್ರ ಒಂದು ಫೈಲ್, ಅದರ ಪಠ್ಯ ಇನ್ನೊಂದು ಫೈಲ್. ಇಂಥ ಜೋಡಿ ಎಷ್ಟು ಕೊಟ್ಟರೂ ಒಳ್ಳೆಯದೇ.

ತಿದ್ದುವ ಕೆಲಸಕ್ಕೆ ಕನ್ನಡ ಮಾಧ್ಯಮದ ಪ್ಲಸ್ ಟು ಮಕ್ಕಳು ಬರುತ್ತಾರೆ. ಅವರಿಗೆ ಮಲಯಾಳವೂ ಓದಲು ಬರುತ್ತದೆ, ಎರಡೂ ಲಿಪಿ ಇರುವ ನೋಟೀಸುಗಳಿಗೆ ಅವರೇ ಬೇಕು. ಕೊನೆಯ ಓದು ನಿವೃತ್ತ ಮಾಸ್ತರದ್ದು. ಒಂದು ದಿನ ನಾನು ‘ಧರ್ಮ್ಮ’ ಎಂದಿದ್ದದ್ದನ್ನು ತೋರಿಸಿ, “ಮಾಸ್ಟ್ರೇ, ಇದು ಒಂದು ‘ಮ’ ಸಾಕಲ್ವಾ, ತೆಗೆಯಲಾ?” ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಚಿತ್ರ ನೋಡಿದರು. “ತೆಗೀಬೇಡ ಮಾರಾಯ್ತಿ. ಆಗ ಹಾಗೇ ಬರೀತಿದ್ರು. ನೀನು ತಿದ್ದಿದ್ರೆ ಆಗ ಹೇಗೆ ಬರೀತಿದ್ರು ಅಂತ ನಾಳೆ ಯಾರಿಗೆ ಗೊತ್ತಾಗ್ತದೆ?”

ಅಲ್ಲಿಂದ ನಮ್ಮ ಕ್ರಮ ಸ್ಪಷ್ಟವಾಯಿತು. ಒಸಿಆರ್ ಮಾಡಿದ ತಪ್ಪನ್ನು ತಿದ್ದುತ್ತೇವೆ. ಅಚ್ಚಿನಲ್ಲಿ ಇದ್ದದ್ದನ್ನು ಮುಟ್ಟುವುದಿಲ್ಲ. ಕಾಗುಣಿತದ ಹೆಚ್ಚುಕಡಿಮೆಯನ್ನು ಪಠ್ಯದಲ್ಲಿ ಸರಿ ಮಾಡುವ ಬದಲು ಹುಡುಕುವ ಯಂತ್ರವೇ ಸಂಭಾಳಿಸಬೇಕು.

ತಾರೀಕು ಇಲ್ಲದ ಕಾಗದಕ್ಕೆ ತಾರೀಕು

ಇದು ನನಗೆ ಅತ್ಯಂತ ಇಷ್ಟವಾದ ಭಾಗ. ಸಂಶೋಧನೆಗೆ ಬರುವವರು ಪದದ ಜೊತೆ ವರ್ಷವನ್ನೂ ಕೇಳುತ್ತಾರೆ. ಕರಪತ್ರಗಳಲ್ಲಿ ಇಸವಿಯೇ ಇರುವುದಿಲ್ಲ. ನಮ್ಮಲ್ಲಿರುವ ತೆಳು ಗುಲಾಬಿ ಕಾಗದದ ಒಂದು ಬಯಲಾಟದ ಕರಪತ್ರ ನೋಡಿ. ಪ್ರಸಂಗ ‘ಪಂಚವಟಿ’, ಕುಂಬಳೆಯ ಪಾರ್ತಿಸುಬ್ಬನದ್ದು. ಊರಿನ ಹೆಸರು ‘ಕುಂಬ್ಳೆ’ ಎಂದು ಅಚ್ಚಾಗಿದೆ. ದಿನ ಕೊಟ್ಟದ್ದು ‘ದುರ್ಮುಖ ಸಂ|ರದ ವೃಶ್ಚಿಕ ಮಾಸ’, ಆಮೇಲೆ ದಿನಸಂಖ್ಯೆ, ಶನಿವಾರ ರಾತ್ರಿ. ಅಷ್ಟೇ.

ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ದುರ್ಮುಖ ಅಂದರೆ 1896-97 ಇರಬಹುದು, 1956-57 ಇರಬಹುದು, 2016-17 ಇರಬಹುದು. ಕಾಗದ, ಅಚ್ಚು ನೋಡಿದರೆ ನಡುವಿನದ್ದೇ. ವೃಶ್ಚಿಕ ಮಾಸ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ. ಆಟದ ತಿರುಗಾಟ ಶುರುವಾಗುವ ಕಾಲವೂ ಹೌದು. ಅಂದರೆ 1956ರ ಕೊನೆ, ಊರು ಕೇರಳಕ್ಕೆ ಸೇರಿದ ಹೊಸತು. ದಿನಸಂಖ್ಯೆ ಮತ್ತು ಶನಿವಾರ ತಾಳೆ ಆಗುತ್ತದಾ ಎಂದು ಪಂಚಾಂಗದಲ್ಲಿ ನೋಡಿದರೆ ತಾರೀಕು ಗಟ್ಟಿ.

ಕಾಗದದ ಮೇಲೆ ಇನ್ನೂ ಸುಳಿವುಗಳು ಇರುತ್ತವೆ. ವಿಳಾಸದಲ್ಲಿ ‘ದ.ಕ. ಜಿಲ್ಲೆ’ ಎಂದಿದ್ದರೆ 1956ರ ನವೆಂಬರ್‌ಗಿಂತ ಮೊದಲು. ಆಮೇಲೆ ಎರಡು ತಿಂಗಳು ಮಾತ್ರ ‘ಮಲಬಾರ್ ಜಿಲ್ಲೆ’. 1957ರ ಜನವರಿ 1ಕ್ಕೆ ಮಲಬಾರ್ ಒಡೆದ ಮೇಲೆ ‘ಕಣ್ಣಾನೂರು ಜಿಲ್ಲೆ’. 1984ರ ಮೇ 24ರ ಮೇಲೆ ‘ಕಾಸರಗೋಡು ಜಿಲ್ಲೆ’. ಅಚ್ಚಿನವರು ಅಭ್ಯಾಸಬಲದಿಂದ ಹಳೇ ಜಿಲ್ಲೆಯ ಹೆಸರನ್ನೇ ಹಾಕಿರಬಹುದು, ಕೆಲವರು ಬೇಕೆಂದೇ ಹಾಕಿರಬಹುದು. ಆದ್ದರಿಂದ ಇದೊಂದನ್ನೇ ನಂಬಬಾರದು. ಬೆಲೆ ನೋಡಿ. ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಮೊದಲು. ‘ನ.ಪೈ.’ ಅಂದರೆ ನಯೇ ಪೈಸೆ, ಅಲ್ಲಿಂದ 1964ರ ವರೆಗೆ. ಆಮೇಲೆ ಬರೀ ಪೈಸೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು.

ಹೀಗೆ ಊಹಿಸಿದ ತಾರೀಕನ್ನು ನಾವು ಖಚಿತ ತಾರೀಕಿನ ಕಾಲಂನಲ್ಲಿ ಹಾಕುವುದಿಲ್ಲ. ‘ಇಂಥ ದಿನದಿಂದ’, ‘ಇಂಥ ದಿನದವರೆಗೆ’ ಎಂದು ಎರಡು ಕಾಲಂ, ಪಕ್ಕದಲ್ಲಿ ಯಾವ ಸುಳಿವಿನಿಂದ ಹೇಳಿದ್ದು ಎಂದು ಒಂದು ಸಾಲು. ಜಿಲ್ಲೆಗೂ ಹಾಗೆಯೇ, ಅಂದಿನದ್ದು ಒಂದು, ಇಂದಿನದ್ದು ಒಂದು. ದಕ್ಷಿಣ ಕನ್ನಡದ ಬಗ್ಗೆ ಹುಡುಕುವ ಮಂಗಳೂರಿನವರಿಗೂ, ಕಾಸರಗೋಡು ಎಂದು ಹುಡುಕುವವರಿಗೂ ಅದೇ ಕಾಗದ ಸಿಗಬೇಕಲ್ವಾ.

ಹುಡುಕುವ ಯಂತ್ರ

ಸರ್ವರ್ ಸಣ್ಣದು, ದುಡ್ಡು ಕಡಿಮೆ. ಆದ್ದರಿಂದ ‘ಎಸ್‌ಕ್ಯೂಎಲೈಟ್’ ಎಂಬ ಸಣ್ಣ ಡೇಟಾಬೇಸ್ ಮತ್ತು ಅದರಲ್ಲೇ ಇರುವ ‘ಎಫ್‌ಟಿಎಸ್5’ ಎಂಬ ಹುಡುಕಾಟದ ಭಾಗ ಸಾಕಾಯಿತು. ಡೇಟಾಬೇಸ್ ಎಲ್ಲ ಒಂದೇ ಫೈಲ್. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಬಹುದು.

ಆದರೆ ಅದು ಇದ್ದ ಹಾಗೆ ಕನ್ನಡಕ್ಕೆ ಆಗುವುದಿಲ್ಲ. ಕನ್ನಡದ ಸಂಗ್ರಹ ಮಾಡುವವರೆಲ್ಲ ಇದನ್ನು ತಿಳಿದಿರಬೇಕು. ಎಫ್‌ಟಿಎಸ್5 ಪಠ್ಯವನ್ನು ಪದಗಳಾಗಿ ಒಡೆಯುವಾಗ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ಲೆಕ್ಕ ಹಾಕುತ್ತದೆ. ಯೂನಿಕೋಡ್‌ನಲ್ಲಿ ನಮ್ಮ ಕೊಂಬು, ಎತ್ವ, ಅನುಸ್ವಾರ, ಒತ್ತಿಗೆ ಬೇಕಾದ ಹಲಂತ, ಇವೆಲ್ಲ ಅಕ್ಷರಗಳ ಗುಂಪಿನಲ್ಲಿ ಇಲ್ಲ, ‘ಗುರುತು’ಗಳ ಗುಂಪಿನಲ್ಲಿವೆ. ಹಾಗಾಗಿ ಅದು ಅವುಗಳನ್ನು ಖಾಲಿ ಜಾಗದ ಹಾಗೆ ನೋಡಿ ಪದವನ್ನು ಅಲ್ಲಿ ಕತ್ತರಿಸುತ್ತದೆ. ‘ಕುಂಬಳೆ’ ಕತ್ತರಿಸಿದರೆ ಉಳಿಯುವುದು ‘ಕ’, ‘ಬಳ’. ‘ನಾಲ್ಕು ಬಳೆ’ ಕತ್ತರಿಸಿದರೆ ‘ನ’, ‘ಲ’, ‘ಕ’, ‘ಬಳ’. ಕೊನೆಯ ಎರಡು ಚೂರು ನೋಡಿ, ಕುಂಬಳೆಯದ್ದೇ. ಕುಂಬಳೆ ಎಂದು ಹುಡುಕಿದವರಿಗೆ ನಾಲ್ಕು ಬಳೆ ಇರುವ ಕಥೆಯ ಪುಟವೂ ಬರುತ್ತದೆ. ಇಂಗ್ಲಿಷಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಆದ್ದರಿಂದ ಯಾರೂ ಎಚ್ಚರಿಸುವುದಿಲ್ಲ.

ಮದ್ದು ಇದೆ. ಟೇಬಲ್ ಮಾಡುವಾಗ ಪದ ಒಡೆಯುವ ಭಾಗವಾದ ‘ಯೂನಿಕೋಡ್61’ಗೆ ‘ಕೆಟಗರೀಸ್’ ಎಂಬ ಆಯ್ಕೆ ಕೊಟ್ಟು, ಅದರಲ್ಲಿ ‘ಎಂಎನ್’ ಮತ್ತು ‘ಎಂಸಿ’ ಎಂಬ ಗುರುತುಗಳ ಗುಂಪುಗಳನ್ನೂ ಸೇರಿಸಿದರೆ ಗುಣಿತಾಕ್ಷರ ಇಡಿಯಾಗಿ ಉಳಿಯುತ್ತದೆ. ಇದಕ್ಕೂ ಮೊದಲು ಎಲ್ಲ ಪಠ್ಯವನ್ನು ಒಂದೇ ಯೂನಿಕೋಡ್ ರೂಪಕ್ಕೆ ತರಬೇಕು. ‘ಕೊ’ ಎಂಬುದರ ಒತ್ವವನ್ನು ಒಂದೇ ಸಂಕೇತದಲ್ಲಿ ಬರೆಯಬಹುದು, ಎತ್ವ ಮತ್ತು ಊಕಾರ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ. ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಹುಡುಕಾಟದ ಪ್ರತಿಯಿಂದ ತೆಗೆಯಬೇಕು, ಕನ್ನಡ ಅಂಕಿಗಳನ್ನು 1, 2, 3 ಮಾಡಬೇಕು. ಓದುವ ಪ್ರತಿಯಲ್ಲಿ ಯಾವುದನ್ನೂ ಮುಟ್ಟುವುದು ಬೇಡ.

ಆಮೇಲೆ ವಿಭಕ್ತಿ. ನಾವು ‘ಕುಂಬಳೆ’ ಎಂದು ಬರೆಯುವುದಕ್ಕಿಂತ ‘ಕುಂಬಳೆಗೆ’, ‘ಕುಂಬಳೆಯಿಂದ’, ‘ಕುಂಬಳೆಯವರು’ ಎಂದು ಬರೆಯುವುದೇ ಜಾಸ್ತಿ. ಇಡೀ ಪದ ಹುಡುಕುವ ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ. ಸಮಾಸ ಆದರೆ ಊರಿನ ಹೆಸರು ಪದದ ನಡುವೆಯೂ ಬರುತ್ತದೆ. ಇದಕ್ಕೆ ಎಫ್‌ಟಿಎಸ್5ರ ‘ಟ್ರೈಗ್ರಾಮ್’ ಒಳ್ಳೆಯದು. ಅದು ಮೂರು ಮೂರು ಸಂಕೇತಗಳ ತುಂಡು ಮಾಡಿ ಇಟ್ಟುಕೊಳ್ಳುತ್ತದೆ, ಪದದ ಒಳಗೆ ಎಲ್ಲಿದ್ದರೂ ಹಿಡಿಯುತ್ತದೆ. ಫೈಲ್ ದೊಡ್ಡದಾಗುತ್ತದೆ, ನಮ್ಮ ಮಟ್ಟಿಗೆ ತೊಂದರೆ ಇಲ್ಲ. ಒಂದು ಸಣ್ಣ ಉಪಾಯ ಸೇರಿಸಬೇಕಾಯಿತು. ‘ಮಧೂರು’ ಎಂದು ಹುಡುಕಿದರೆ ‘ಮಧೂರಿನ’, ‘ಮಧೂರಿಗೆ’ ಸಿಗುವುದಿಲ್ಲ, ಕೊನೆಯ ಕೊಂಬು ಗುಡಿಸಾಗಿ ಬದಲಾಗಿರುತ್ತದೆ. ಹುಡುಕುವ ಪದದ ಕೊನೆಯಲ್ಲಿ ಕೊಂಬು ಇದ್ದರೆ ಅದನ್ನು ಬಿಟ್ಟು ‘ಮಧೂರ’ ಎಂದೇ ಹುಡುಕುವ ಹಾಗೆ ಮಾಡಿದೆವು. ಕಾಸರಗೋಡು, ನೀರ್ಚಾಲು ಎಲ್ಲದಕ್ಕೂ ಇದು ಕೆಲಸ ಮಾಡುತ್ತದೆ.

ಕೊನೆಯ ಪದರದಲ್ಲಿ ಅಕ್ಷರಭೇದ ಇಲ್ಲದ ಪ್ರತಿ. ಮಹಾಪ್ರಾಣ ಅಲ್ಪಪ್ರಾಣ ಆಗುತ್ತದೆ, ದೀರ್ಘ ಹ್ರಸ್ವ ಆಗುತ್ತದೆ, ಶ ಷ ಎರಡೂ ಸ, ಜೋಡಿ ಒತ್ತು ಒಂಟಿಯಾಗುತ್ತದೆ, ‘ಞ್ಞ’ದ ಎಲ್ಲ ವೇಷಗಳೂ ಒಂದೇ ‘ಞ’. ಅದರಲ್ಲಿ ‘ಧರ್ಮ್ಮ’ವೂ ‘ಧರ್ಮ’ವೂ ಒಂದೇ. ಒಸಿಆರ್ ದೀರ್ಘ ನುಂಗಿದ್ದರೂ ಸಿಗುತ್ತದೆ. ಇದರ ಜೊತೆಗೆ ಊರಿನ ಹೆಸರುಗಳ ಪಟ್ಟಿ: ಕುಂಬಳೆ, ಕುಂಬ್ಳೆ, ಕುಂಬಳ, ಕಣಿಪುರ. ಹೊಸದುರ್ಗ ಎಂದರೆ ಕಾಞಂಗಾಡೂ ಬರಬೇಕು, ಪಯಸ್ವಿನಿ ಎಂದರೆ ಚಂದ್ರಗಿರಿಯೂ ಬರಬೇಕು. ಈ ಪಟ್ಟಿ ಮಾಡಿದ್ದು ಯಂತ್ರ ಅಲ್ಲ, ಗ್ರಂಥಾಲಯಕ್ಕೆ ಬರುವ ಹಿರಿಯರು. ಯಾವ ಊರಿಗೆ ಯಾರು ಏನೆಂದು ಕರೆಯುತ್ತಿದ್ದರು ಎಂದು ಕೇಳಿ ಕೇಳಿ ಬರೆದುಕೊಂಡದ್ದು.

ಫಲಿತಾಂಶದಲ್ಲಿ ಅಚ್ಚಿನ ಪದ ಸರಿಯಾಗಿ ಹೊಂದಿದ್ದು ಮೊದಲು, ಉಳಿದದ್ದು ಆಮೇಲೆ. ಪ್ರತಿಯೊಂದರ ಪಕ್ಕದಲ್ಲಿ ಆ ಸಾಲಿನ ಚಿತ್ರದ ತುಂಡೂ ಕಾಣುತ್ತದೆ. ಟೆಸರಾಕ್ಟ್ ‘ಎಚ್‌ಒಸಿಆರ್’ ರೂಪದಲ್ಲಿ ಕೊಟ್ಟರೆ ಪ್ರತಿ ಪದ ಪುಟದಲ್ಲಿ ಎಲ್ಲಿದೆ ಎಂಬ ಅಳತೆ ಬರುತ್ತದೆ, ಅದನ್ನು ಹಿಡಿದು ಚಿತ್ರ ಕತ್ತರಿಸುತ್ತೇವೆ. ನಮ್ಮ ಪಠ್ಯ ತಪ್ಪಿದ್ದರೂ ಓದುಗರ ಕಣ್ಣ ಮುಂದೆ ಅಸಲು ಸಾಲು ಇರುತ್ತದೆ. ಗುಲಾಬಿ ಕರಪತ್ರ ಈಗ ‘ಕುಂಬಳೆ’ಗೂ ಸಿಗುತ್ತದೆ, ‘ಕಣಿಪುರ’ಕ್ಕೂ ಸಿಗುತ್ತದೆ, ‘1956’ಕ್ಕೂ ಸಿಗುತ್ತದೆ.

ಹಾಕಿದ್ದು, ಹಾಕದೆ ಇಟ್ಟದ್ದು

ಎಲ್ಲವನ್ನೂ ಸ್ಕ್ಯಾನ್ ಮಾಡಿದ್ದೇವೆ, ಎಲ್ಲವನ್ನೂ ತೆರೆದಿಟ್ಟಿಲ್ಲ. ನಮ್ಮಲ್ಲಿ ಕಾಪಿರೈಟ್ ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಅದೂ ಮುಂದಿನ ವರ್ಷದ ಆರಂಭದಿಂದ ಲೆಕ್ಕ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಬರಹಗಳು 2024ರ ಜನವರಿಯಿಂದ ಎಲ್ಲರವು, ಧೈರ್ಯವಾಗಿ ಹಾಕಿದ್ದೇವೆ. ಕಯ್ಯಾರರದ್ದು 2075 ಮುಗಿಯುವವರೆಗೆ ಹಾಗೆ ಆಗುವುದಿಲ್ಲ. ಅಂಥ ಪುಟಗಳಲ್ಲಿ ಹುಡುಕಿದ ಸಾಲು ಮಾತ್ರ ಕಾಣುತ್ತದೆ, ಪೂರ್ತಿ ಓದಲು ಗ್ರಂಥಾಲಯಕ್ಕೇ ಬರಬೇಕು. ಕೈಸಾಲದ ಪತ್ರಗಳು, ಗೇಣಿ ತಕರಾರುಗಳು, ಜಾತಿ ಹೆಸರು ಹಿಡಿದು ಬರೆದ ಪಟ್ಟಿಗಳು ನೆಟ್‌ನಲ್ಲಿ ಇಲ್ಲ. ಮೂಲಗೇಣಿ, ಚಾಲಗೇಣಿಯ ಇತಿಹಾಸ ಬರೆಯುವವರಿಗೆ ಅವು ಬೇಕು, ಗೊತ್ತು. ಆದರೆ ಆ ಕುಟುಂಬಗಳು ಇಂದಿಗೂ ಅಕ್ಕಪಕ್ಕದ ಮನೆಗಳಲ್ಲಿವೆ. ಕೇಳಿ ಬಂದವರಿಗೆ ಎದುರು ಕೂರಿಸಿ ತೋರಿಸುತ್ತೇವೆ.

ತೊಂದರೆ ಇಲ್ಲದ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್‌ಗೂ ಏರಿಸುತ್ತೇವೆ. ಅಲ್ಲಿ ಭಾಷೆಯ ಜಾಗದಲ್ಲಿ ಕನ್ನಡ ಎಂದು ತುಂಬಲು ಮರೆಯಬೇಡಿ. ಅಸಲು ಫೋಟೊಗಳ ಪ್ರತಿ ಮೂರು: ಗ್ರಂಥಾಲಯದ ಡಿಸ್ಕಿನಲ್ಲಿ ಒಂದು, ಬೇರೆ ಜಾತಿಯ ಡಿಸ್ಕಿನಲ್ಲಿ ಒಂದು, ಊರಿನಿಂದ ಹೊರಗೆ ಒಂದು. ಸಿಡಿಲಿನ ಊರು ನಮ್ಮದು, ಮೂರನೆಯದು ಇರಲೇಬೇಕು. ಪ್ರತಿ ಫೈಲಿಗೂ ಚೆಕ್‌ಸಮ್, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ, ಬರೆದಿಟ್ಟಿದೆ. ಆಗಾಗ ಹೋಲಿಸಿದರೆ ಡಿಸ್ಕ್ ಒಳಗೊಳಗೇ ಕೆಟ್ಟದ್ದು ಗೊತ್ತಾಗುತ್ತದೆ.

ಉಳಿದದ್ದು ಕೈಬರಹ ಮತ್ತು ಓಲೆ. ನಡಾವಳಿ ಪುಸ್ತಕಗಳ ಮೋಡಿ ಅಕ್ಷರವನ್ನು (ಕೂಡಿಸಿ ಬರೆದ ಕೈಬರಹ) ಟೆಸರಾಕ್ಟ್ ಓದುವುದಿಲ್ಲ. ಅದಕ್ಕೆ ಒಂದೊಂದು ಸಭೆಗೆ ಒಂದು ಸಾಲು, ತಾರೀಕು, ಊರು, ವಿಷಯ, ಬಂದವರ ಹೆಸರು ಎಂದು ಮಾಸ್ತರು ಹೇಳುತ್ತಾರೆ, ಮಕ್ಕಳು ಟೈಪ್ ಮಾಡುತ್ತಾರೆ. ಪೂರ್ತಿ ಪಠ್ಯ ಇಲ್ಲದಿದ್ದರೂ ಆ ಸಾಲಿನಿಂದ ಪುಟ ಸಿಗುತ್ತದೆ. ಓಲೆಗಳು ತಿಗಳಾರಿ ಲಿಪಿಯವು. ತುಳು ತಿಗಳಾರಿ 2024ರ ಯೂನಿಕೋಡ್ 16ರಲ್ಲಿ ಸೇರಿದೆ, ಆದ್ದರಿಂದ ಓದಬಲ್ಲವರು ಸಿಕ್ಕಿದರೆ ಅದೇ ಲಿಪಿಯಲ್ಲಿ ಟೈಪ್ ಮಾಡಿ ಇಡಬಹುದು. ಸದ್ಯಕ್ಕೆ ಚಿತ್ರ ಮತ್ತು ಪುಟ್ಟ ವಿವರ ಮಾತ್ರ ಹಾಕಿದ್ದೇವೆ.

ಸ್ಟ್ಯಾಂಡ್ ಪೂರ್ತಿ ನಟ್ ಬೋಲ್ಟಿನದ್ದು, ಬಿಚ್ಚಿ ಜೀಪಿನಲ್ಲಿ ಹಾಕಬಹುದು. ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಕಡೆ ಯಾರ ಅಟ್ಟದಲ್ಲಾದರೂ ಇಂಥ ಕಟ್ಟುಗಳಿದ್ದರೆ ಕಾಗದ ಇಲ್ಲಿಗೆ ತರುವುದು ಬೇಡ, ನಾವೇ ಅಲ್ಲಿಗೆ ಬರುತ್ತೇವೆ. ಮಳೆ ಹಿಡಿಯುವ ಮೊದಲು ಹೇಳಿ. ಕಟ್ಟು ಬಿಚ್ಚಬೇಡಿ, ಯಾವುದರ ಜೊತೆ ಯಾವುದು ಇತ್ತು ಎಂಬುದೂ ನಮಗೆ ಬೇಕು.